ಎರಡು ದಿನದ ಬಂಗುಡೆ

2001ರ ಡಿಸೆಂಬರ್. ಆಗ ನಾನು ಕುಂದಾಪುರದ ಒಂದು ಸಣ್ಣ ಕಲಾಶಾಲೆಯಲ್ಲಿ ಮುಖ್ಯ ಚಿತ್ರಕಲಾ ಶಿಕ್ಷಕನಾಗಿದ್ದೆ. ಊರಿನ ಕೆಲವರು ಸೇರಿ ಕಟ್ಟಿದ್ದ ಶಾಲೆ ಅದು. ಪರೀಕ್ಷೆ, ಡಿಗ್ರಿ ಎಂಬ ತಾಪತ್ರಯಗಳಿರಲಿಲ್ಲ. ಕಾಲೇಜು ಮುಗಿಸಿದವರು, ಹೊಲಿಗೆ ಅಂಗಡಿಯವರು, ಗೃಹಿಣಿಯರು, ನಿವೃತ್ತರು ಹೀಗೆ ಯಾರು ಬೇಕಾದರೂ ಬಂದು ಕಲಿಯಬಹುದಿತ್ತು. ಆ ವರ್ಷ ಮೂವತ್ತೊಂದು ಜನ ಕಲಿಯುತ್ತಿದ್ದರು. ನಮಗಿದ್ದದ್ದು ಎರಡು ಕೋಣೆ ಮತ್ತು ರಸ್ತೆಗೆ ಮುಖ ಮಾಡಿದ ಒಂದು ಹಾಲ್. ಮೀನು ಮಾರ್ಕೆಟ್ಟಿಗೆ ಹೋಗುವವರೆಲ್ಲ ಅದರ ಮುಂದೆಯೇ ಹಾದುಹೋಗುತ್ತಿದ್ದರು.

ಹಾದುಹೋಗುತ್ತಿದ್ದರು ಅಷ್ಟೇ, ಒಳಗೆ ಬರುತ್ತಿರಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಐದು ದಿನ ನಾವು ವಿದ್ಯಾರ್ಥಿಗಳ ಚಿತ್ರ ಪ್ರದರ್ಶನ ಇಡುತ್ತಿದ್ದೆವು. ಉದ್ಘಾಟನೆಯ ದಿನ ಮನೆಯವರು, ನೆಂಟರು ಬಂದು ಲಾಡು ತಿಂದು ಹೋಗುತ್ತಿದ್ದರು. ಉಳಿದ ನಾಲ್ಕು ದಿನ ನಮ್ಮ ಚಿತ್ರಗಳನ್ನು ನಾವೇ ನೋಡುತ್ತ ಕೂರುತ್ತಿದ್ದೆವು. ಹಿಂದಿನ ವರ್ಷದ ಸಂದರ್ಶಕರ ಪುಸ್ತಕದಲ್ಲಿ ಹೊರಗಿನವರ ಸಹಿ ಹನ್ನೊಂದೇ ಇತ್ತು.

ಸಮಿತಿಯ ಕಾರ್ಯದರ್ಶಿ ವಾಸುದೇವ ರಾಯರು ಬ್ಯಾಂಕಿನಿಂದ ನಿವೃತ್ತರಾಗಿ ಬಂದವರು, ನೇರ ಮಾತಿನ ಮನುಷ್ಯ. ನವೆಂಬರ್ ಕೊನೆಯಲ್ಲಿ ಅವರು ನನ್ನನ್ನು ಕರೆದು ಹೇಳಿದರು, "ಮಾಷ್ಟ್ರೇ, ಈ ಸಲವೂ ಜನ ಬರ್ಲಿಲ್ಲ ಅಂದ್ರೆ ಪ್ರದರ್ಶನ ನಿಲ್ಸುವ. ಹಾಲನ್ನ ಕಂಪ್ಯೂಟರ್ ಕ್ಲಾಸಿಗೆ ಕೊಡುವ. ಮಕ್ಕಳಿಗೂ ಉಪಕಾರ." ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ಕಾರಣಕ್ಕೆ ನನಗೆ ಹೆಚ್ಚು ಸಂಕಟವಾಯಿತು.

ಆ ವರ್ಷ ನಾನು ವಿದ್ಯಾರ್ಥಿಗಳಿಗೆ ಕೊಟ್ಟ ವಿಷಯ 'ನಮ್ಮ ಸುತ್ತಿನ ಬದುಕು'. ಕೆಲವರು ದೋಣಿ ಬರೆದರು, ಕೆಲವರು ಗದ್ದೆ, ಬಸ್‌ಸ್ಟ್ಯಾಂಡ್. ವಂಡ್ಸೆಯಿಂದ ಬರುತ್ತಿದ್ದ ಸುಜಾತಾಳಿಗೆ ನಾನು ಸ್ಟಿಲ್ ಲೈಫ್ ಮಾಡಲು ಹೇಳಿದೆ. ವಸ್ತುವೊಂದನ್ನು ಎದುರಿಗಿಟ್ಟುಕೊಂಡು ಕಂಡದ್ದನ್ನು ಕಂಡಂತೆಯೇ ಬರೆಯುವ ಅಭ್ಯಾಸಕ್ಕೆ ಆ ಹೆಸರು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ಹುಡುಗಿ, ಮಾತು ಕಡಿಮೆ, ಕಣ್ಣು ಮಾತ್ರ ಬಹಳ ಚುರುಕು. ಅವರ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಆದರೂ ಬಂಗುಡೆ ಬರೆಯುತ್ತೇನೆ ಎಂದಳು. ಮಾರ್ಕೆಟ್ಟಿನಿಂದ ಒಂದು ಬಂಗುಡೆ ನಾನೇ ತಂದುಕೊಟ್ಟೆ. ಶನಿವಾರ ಮಧ್ಯಾಹ್ನ ಅರ್ಧ ಬರೆದಳು. ಮೀನನ್ನು ಎದುರಿನ ಹೋಟೆಲಿನವರ ಐಸ್ ಡಬ್ಬಿಯಲ್ಲಿಟ್ಟು, ಭಾನುವಾರ ತೆಗೆದು ಉಳಿದರ್ಧ ಮುಗಿಸಿದಳು.

ಜಲವರ್ಣದ ಆ ಚಿತ್ರ ನೋಡಿ ನನಗೆ ನಿಜಕ್ಕೂ ಹೆಮ್ಮೆಯಾಯಿತು. ಬೂದುಬಣ್ಣದಲ್ಲಿ ಎಷ್ಟೊಂದು ಛಾಯೆಗಳು. ಬಾಗಿಲಿಗೆ ನೇರ ಎದುರಿನ ಗೋಡೆಗೆ ಅದನ್ನೇ ಹಾಕಿಸಿದೆ.

ಪ್ರದರ್ಶನದ ಮೊದಲ ದಿನ ಎಂದಿನಂತೆ ಕಳೆಯಿತು. ಎರಡನೆಯ ದಿನ ಹನ್ನೊಂದು ಗಂಟೆಯವರೆಗೆ ಒಬ್ಬರೂ ಬರಲಿಲ್ಲ. ಆಮೇಲೆ ಬಂದವರು ಗುಲಾಬಿ ಅಕ್ಕ. ಐವತ್ತು ದಾಟಿದ ಹೆಂಗಸು, ಮಾರ್ಕೆಟ್ಟಿನಲ್ಲಿ ಮೀನು ಮಾರುವವರು. ವ್ಯಾಪಾರ ಮುಗಿಸಿ ಖಾಲಿ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಹೊರಗಿನಿಂದಲೇ ಕೂಗಿದರು, "ಹ್ವಾಯ್ ಮಾಷ್ಟ್ರೇ, ಒಂಚೂರ್ ನೀರ್ ಕೊಡ್ತ್ರಿಯಾ?"

ನೀರು ಕುಡಿದು ಲೋಟ ಕೊಡುವಾಗ ಅವರ ಕಣ್ಣು ಎದುರಿನ ಗೋಡೆಯ ಮೇಲೆ ಬಿತ್ತು. ಕಾಲು ಒರೆಸಿಕೊಂಡು ಒಳಗೆ ಬಂದರು. ಚಿತ್ರಕ್ಕೆ ಒಂದು ಗೇಣು ದೂರದಲ್ಲಿ ಮುಖವಿಟ್ಟು ನೋಡಿದರು.

"ಈ ಬಂಗ್ಡಿ ಯಾರ್ ಬರ್ದದ್ದ್?"

ಸುಜಾತಾ ಮುಂದೆ ಬಂದಳು. ಹೊಗಳಿಕೆ ಬರುತ್ತದೆಂದು ನಾವೆಲ್ಲ ಕಾದೆವು.

"ಇದ್ ಎರಡ್ ದಿನದ್ ಮೀನಲ್ದಾ? ಐಸಲ್ಲಿಟ್ಟದ್ದ್. ಕಣ್ಣ್ ಕಾಣಿ, ಬೆಳಿ ಆಯ್ತ್, ಒಳಗ್ ಹೋಯ್ತ್. ಹೊಟ್ಟಿ ಸಡ್ಲ. ಬೆನ್ನ್ ಮೇಲೆ ಹಸ್ರೇ ಇಲ್ಲ. ಇದನ್ನ ಧರ್ಮಕ್ಕ್ ಕೊಟ್ರೂ ಯಾರೂ ತಕಂಬುದಿಲ್ಲ."

ಸುಜಾತಾಳ ಮುಖ ಸಣ್ಣಗಾಯಿತು. "ನಾನ್ ಕಂಡದ್ದನ್ನೇ ಬರ್ದದ್ದ್" ಎಂದಳು ಮೆಲ್ಲಗೆ.

"ಹೌದ್ ಮಗಾ, ನಿಂದ್ ತಪ್ಪಿಲ್ಲ. ನೀ ಸರಿಯಾಯೇ ಬರ್ದಿದ್ದಿ, ಅದ್ಕೇ ನಂಗೆ ಗೊತ್ತಾದ್ದ್. ಮೀನ್ ತಂದವ್ರ್ ಯಾರ್?"

ಹಾಲ್‌ನಲ್ಲಿದ್ದ ಎಂಟು ಜನ ವಿದ್ಯಾರ್ಥಿಗಳೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಗುಲಾಬಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಇಪ್ಪತ್ತು ವರ್ಷ ನೋಡುವುದನ್ನು ಕಲಿಸಿದವನು ನಾನು. ಹಳಸಿದ ಮೀನಿನ ಬಣ್ಣವನ್ನು 'ಅಪರೂಪದ ಬೂದು' ಎಂದು ಹೊಗಳಿದ್ದೆ.

ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಂದೊಂದೇ ಚಿತ್ರದ ಮುಂದೆ ನಿಂತು ನೋಡಿದರು. ಏಡಿಗೆ ಎರಡು ಕಾಲು ಕಡಿಮೆ ಬಿದ್ದಿತ್ತು. ಬಲೆ ತುಂಬಿದ ದೋಣಿ ಖಾಲಿ ದೋಣಿಯ ಹಾಗೆ ನೀರಿನ ಮೇಲೆ ತೇಲುತ್ತಿತ್ತು. ಹೇಳಿದ್ದೆಲ್ಲ ಸರಿಯೇ. ಅರ್ಧ ಗಂಟೆ ಇದ್ದು ಹೊರಟರು. ನಮ್ಮ ಪ್ರದರ್ಶನದಲ್ಲಿ ಅಷ್ಟು ಹೊತ್ತು ಯಾರೂ ನಿಂತದ್ದಿಲ್ಲ.

ಊಟದ ಹೊತ್ತಿನಲ್ಲಿ ಸುಜಾತಾ ಕಾಣಿಸಲಿಲ್ಲ. ಬೇಸರ ಮಾಡಿಕೊಂಡು ಮನೆಗೆ ಹೋದಳೇನೋ ಎಂದು ನನಗೆ ಚಿಂತೆಯಾಯಿತು. ಎರಡು ಗಂಟೆಗೆ ಅವಳು ಒಂದು ಸುರುಳಿ ಕಂದು ಕಾಗದ ಮತ್ತು ಸ್ಕೆಚ್ ಪೆನ್ನುಗಳನ್ನು ಹಿಡಿದುಕೊಂಡು ಬಂದಳು.

"ಸರ್, ಪ್ರತಿ ಚಿತ್ರದ ಕೆಳಗೆ ಒಂದೊಂದು ಕಾಗದ ಅಂಟಿಸುವ. ತಪ್ಪಿದ್ರೆ ಬಂದವ್ರೇ ಬರೀಲಿ."

ಕೆಲವರು ಒಪ್ಪಲಿಲ್ಲ. ಚರ್ಚೆ ನಡೆದು, ಕೈ ಎತ್ತಿಸಿ ನೋಡಿದಾಗ ಅವಳ ಪರವಾಗಿ ಹೆಚ್ಚು ಕೈಗಳು ಬಂದವು. ಬಾಗಿಲ ಹೊರಗೆ ದೊಡ್ಡ ಅಕ್ಷರದಲ್ಲಿ ಬೋರ್ಡ್ ಬರೆದೆವು: 'ನಮ್ಮ ಚಿತ್ರಗಳಲ್ಲಿ ತಪ್ಪಿದೆ. ಬಂದು ತಿದ್ದಿಕೊಡಿ.'

ಮರುದಿನ ಹನ್ನೊಂದಕ್ಕೆ ಗುಲಾಬಿ ಅಕ್ಕ ಆರು ಜನ ಜೊತೆಗಾರ್ತಿಯರೊಂದಿಗೆ ಬಂದರು. ಬರೆಯಲು ಬಾರದವರು ಹೇಳಿದ್ದನ್ನು ವಿದ್ಯಾರ್ಥಿಗಳು ಬರೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಸ್‌ಸ್ಟ್ಯಾಂಡ್ ತಲುಪಿತ್ತು. ಕಂಡಕ್ಟರ್ ಒಬ್ಬರು ಬಂದು, ಕಿರಿಮಂಜೇಶ್ವರದ ಬಸ್ ನಿಲ್ದಾಣದ ಚಿತ್ರದಲ್ಲಿ ಬಸ್ಸಿನ ಬಾಗಿಲು ಬಲಗಡೆ ಇದೆ, ಹೀಗಾದರೆ ಪ್ಯಾಸೆಂಜರುಗಳು ರಸ್ತೆಯ ಮಧ್ಯಕ್ಕೇ ಇಳಿಯಬೇಕು ಎಂದು ಬರೆದುಹೋದರು. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಒಬ್ಬ ಹಿರಿಯರು ಏನೂ ಬರೆಯಲಿಲ್ಲ. ಪೆನ್ಸಿಲ್ ಕೇಳಿ ತೆಗೆದುಕೊಂಡು, ಕಂದು ಕಾಗದದ ಮೇಲೆ ದೋಣಿಯ ಹೊಟ್ಟೆಯ ಬಾಗನ್ನು ಒಂದೇ ಗೆರೆಯಲ್ಲಿ ಎಳೆದರು. ಆ ಗೆರೆಯ ಮುಂದೆ ನಮ್ಮ ವಿದ್ಯಾರ್ಥಿಗಳು ಸಾಲಾಗಿ ನಿಂತು ನಕಲು ಮಾಡಿಕೊಂಡರು. ನಾನೂ ಮಾಡಿಕೊಂಡೆ.

ರಾಯರು ಬಂದದ್ದು ಅಂದೇ ಸಂಜೆ ನಾಲ್ಕಕ್ಕೆ. ಬೋರ್ಡ್ ಓದಿದ ಕೂಡಲೇ ಅವರ ಹುಬ್ಬು ಗಂಟಾಯಿತು.

"ಇದೆಂತ ಮಾಷ್ಟ್ರೇ? ಮಕ್ಕಳ ಮರ್ಯಾದಿ ಎಂತ ಆಯ್ಕ್?"

"ಮಕ್ಕಳೇ ಬರೆದ ಬೋರ್ಡ್ ಅದು, ಒಳಗೆ ಬಂದು ನೋಡಿ" ಎಂದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಜನರ ನಡುವೆ ನುಸುಳುತ್ತ ಅವರು, ಹಾಲ್ ಕಟ್ಟಿಸಿಕೊಟ್ಟಿದ್ದ ದಿವಂಗತ ದಾನಿಯೊಬ್ಬರನ್ನು ವಿದ್ಯಾರ್ಥಿಯೊಬ್ಬ ಬರೆದಿದ್ದ ಭಾವಚಿತ್ರದ ಮುಂದೆ ನಿಂತರು. ಅದರ ಕೆಳಗೆ ಯಾರೋ ಬರೆದಿದ್ದರು: 'ಇವರನ್ನು ನಾನು ಬಲ್ಲೆ. ಇಷ್ಟೊಂದು ನಗುತ್ತಿರಲಿಲ್ಲ.' ರಾಯರ ಕೈ ಆ ಕಾಗದದ ಕಡೆಗೆ ಹೋಯಿತು. ಹರಿದೇ ಬಿಡುತ್ತಾರೆ ಅಂದುಕೊಂಡೆ. ಅವರು ಕಾಗದದ ಮುದುರಿದ ಮೂಲೆಯನ್ನು ನೇರ ಮಾಡಿ, ಕಿಸೆಯಿಂದ ತಮ್ಮದೇ ಪೆನ್ನು ತೆಗೆದು ಕೆಳಗೆ ಬರೆದರು: 'ನಿಜ. ಕಿವಿ ಮಾತ್ರ ಸರಿಯಾಗಿದೆ.'

ನಾಲ್ಕನೆಯ ದಿನ ಬೆಳಿಗ್ಗೆ ಸುಜಾತಾ ವಂಡ್ಸೆಯಿಂದ ಮೊದಲ ಬಸ್ಸಿಗೆ ಹೊರಟು, ಹೆಮ್ಮಾಡಿಯಲ್ಲಿ ಇಳಿದು ಗಂಗೊಳ್ಳಿ ಬಂದರಿಗೆ ಹೋದಳು. ಹಿಂದಿನ ದಿನ ಮಾತಾಡಿಕೊಂಡಂತೆ ಗುಲಾಬಿ ಅಕ್ಕ ಅಲ್ಲಿ ಕಾಯುತ್ತಿದ್ದರು. ಮನೆಯಲ್ಲಿ ಏನೆಂದರು ಎಂದು ಆಮೇಲೆ ನಾನು ಕೇಳಿದೆ. "ಅಮ್ಮ ಹೋಗು ಅಂದ್ರು. ಬಂದವಳು ಮೊದಲು ಬಚ್ಚಲಿಗೆ, ಆಮೇಲೆ ಒಳಗೆ ಅಂದ್ರು" ಎಂದು ನಕ್ಕಳು. ದೋಣಿಯಿಂದ ಇಳಿಸಿದ ಬಂಗುಡೆಯ ಬಣ್ಣ ಹೆಚ್ಚು ಹೊತ್ತು ಉಳಿಯುವುದಿಲ್ಲ. ಬೆನ್ನಿನ ಹಸಿರು, ನೀಲಿ ನೋಡನೋಡುತ್ತಲೇ ಮಂಕಾಗುತ್ತದೆ. ಅವಳು ಬಂದರಿನ ಕಟ್ಟೆಯ ಮೇಲೆ ಕುಳಿತು ಇಪ್ಪತ್ತು ನಿಮಿಷದಲ್ಲಿ ಬರೆದು ಮುಗಿಸಿದಳು. ಗುಲಾಬಿ ಅಕ್ಕ ಪಕ್ಕದಲ್ಲಿ ನಿಂತು ಬಿಸಿಲಿಗೆ ಕೊಡೆ ಹಿಡಿದಿದ್ದರಂತೆ.

ಹೊಸ ಚಿತ್ರವನ್ನು ಹಳೆಯದರ ಪಕ್ಕದಲ್ಲೇ ಹಾಕಿದೆವು. ಗೆರೆಗಳು ಅಲ್ಲಲ್ಲಿ ಒರಟಾಗಿದ್ದವು, ಬಣ್ಣ ಒಂದೆಡೆ ಹರಿದಿತ್ತು. ಆದರೆ ಮೀನು ಈಗಷ್ಟೇ ನೀರು ಬಿಟ್ಟು ಬಂದಂತಿತ್ತು. ಹನ್ನೊಂದಕ್ಕೆ ಗುಲಾಬಿ ಅಕ್ಕ ಬಂದು, ಸೊಂಟದ ಮೇಲೆ ಕೈಯಿಟ್ಟು ಎರಡನ್ನೂ ನೋಡಿದರು.

"ಈಗ ಇದ್ ಬಂಗ್ಡಿ. ಆ ಹಳೇದನ್ನ ಒಳಗ್ ಇಡಿ ಮಾಷ್ಟ್ರೇ. ಎರಡನ್ನೂ ಒಟ್ಟಿಗ್ ಕಂಡ್ರೆ ಗಿರಾಕಿಗಳೆಲ್ಲ ಮೀನ್ ಆರ್ಸುಕೆ ಕಲೀತ್ರ್. ಮತ್ತೆ ನಾವ್ ಎಂತ ಮಾಡ್ಕ್?"

ಇಡೀ ಹಾಲ್ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸುಜಾತಾ.

ಐದು ದಿನದ ಪ್ರದರ್ಶನವನ್ನು ರಾಯರೇ ಏಳು ದಿನಕ್ಕೆ ಬೆಳೆಸಿದರು. ಸಂದರ್ಶಕರ ಪುಸ್ತಕ ತುಂಬಿ ಎರಡನೆಯದನ್ನು ತರಬೇಕಾಯಿತು. ಕಂಪ್ಯೂಟರ್ ಕ್ಲಾಸ್ ಹಿಂದಿನ ಕೋಣೆಯಲ್ಲಿ ಶುರುವಾಯಿತು, ಹಾಲ್ ನಮಗೇ ಉಳಿಯಿತು. ಮುಂದಿನ ವರ್ಷಗಳಲ್ಲಿ ಬೈಂದೂರಿನಲ್ಲಿ, ಬ್ರಹ್ಮಾವರದಲ್ಲಿ ಇಂಥವೇ ಪ್ರದರ್ಶನ ಇಟ್ಟೆವು. ಸುಜಾತಾ ನಮ್ಮಲ್ಲೇ ಶಿಕ್ಷಕಿಯಾದಳು. 2011ರಲ್ಲಿ ನಾನು ನಿವೃತ್ತನಾದಾಗ ನನ್ನ ಜಾಗಕ್ಕೆ ಬಂದವಳು ಅವಳೇ.

ಈ ಕೆಲಸ ನನಗೆ ಕಲಿಸಿದ್ದೇನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ. ಚಿತ್ರದ ಮುಂದೆ ನಿಂತವರನ್ನು 'ಹೇಗಿದೆ' ಎಂದು ಕೇಳಿದರೆ 'ಲಾಯ್ಕ್ ಇತ್ತ್' ಎಂದು ಹೇಳಿ ಹೊರಟುಬಿಡುತ್ತಾರೆ. 'ಸರಿ ಇದೆಯೇ' ಎಂದು ಕೇಳಿ ನೋಡಿ. ನಿಲ್ಲುತ್ತಾರೆ, ಕನ್ನಡಕ ಹುಡುಕುತ್ತಾರೆ, ಪಕ್ಕದವರೊಡನೆ ವಾದಕ್ಕಿಳಿಯುತ್ತಾರೆ, ಮರುದಿನ ಇನ್ನೊಬ್ಬರನ್ನು ಕರೆದುಕೊಂಡು ಬರುತ್ತಾರೆ.