ನೀಲಿ ಪಾತ್ರೆಯ ಕಾಳು

ಕರ್ನಿ ಮೆಸಾ ಬಡಾವಣೆಯಲ್ಲಿ ಮೆಕ್ಸಿಕೋದ ಕುಟುಂಬವೊಂದು ನಡೆಸುವ ಪುಟ್ಟ ಹೋಟೆಲಿಗೆ ಶನಿವಾರ ಗೆಳತಿ ಸುಧಾ ನನ್ನನ್ನು ಕರೆದೊಯ್ದಳು. ನಮ್ಮಿಬ್ಬರದೂ ಸಸ್ಯಾಹಾರ. ಹೋಟೆಲಿನ ಯಜಮಾನರು ತಂದಿಟ್ಟ ತಟ್ಟೆಯಲ್ಲಿ ಬಿಸಿ ರೊಟ್ಟಿ, ನುಣ್ಣಗೆ ಮಸೆದ ಕಾಳು. ತುತ್ತು ಬಾಯಿಗಿಡುವಷ್ಟರಲ್ಲಿ ಅಡುಗೆಮನೆಯಿಂದ ಅವರ ಹೆಂಡತಿ ಓಡಿಬಂದು ಎರಡೂ ತಟ್ಟೆ ಕಸಿದುಕೊಂಡರು. ಕಾಳಿಗೆ ಹಂದಿಯ ಕೊಬ್ಬು ಹಾಕಿದ್ದಾರಂತೆ!

ಸುಧಾಳ ಮುಖ ಬಿಳಿಚಿಕೊಂಡಿತು. “ಅಯ್ಯೋ, ಎರಡು ವರ್ಷದಿಂದ ತಿಂತಿದೀನಲ್ಲೇ!”

ಗಲ್ಲಾದಲ್ಲಿದ್ದ ಅವರ ಮಗಳು ಸುಧಾಳ ಗಾಬರಿ ಕಂಡು ನಗುತ್ತಾ ಒಲೆಯ ಮೇಲಿನ ನೀಲಿ ಪಾತ್ರೆ ತೋರಿಸಿ ಇಂಗ್ಲಿಷಿನಲ್ಲಿ ಹೇಳಿದಳು: “ನಿಮ್ಮದು ಅದು. ಮಾಂಸ ತಿನ್ನಲ್ಲ ಅಂದಿರಲ್ಲ, ಅವತ್ತಿಂದ ಪ್ರತಿ ಶನಿವಾರ ಅಮ್ಮ ಬರೀ ಎಣ್ಣೆ ಹಾಕಿ ಬೇರೆ ಮಾಡ್ತಾರೆ. ಇವತ್ತು ಅಪ್ಪ ಮರೆತು ದೊಡ್ಡ ಪಾತ್ರೆಯಿಂದ ಬಡಿಸಿದರು.”

“ನಾನು ಬರದಿದ್ದ ಶನಿವಾರ?” ಸುಧಾ ಕೇಳಿದಳು.

“ನಾವೇ ತಿಂತೀವಿ. ಅಪ್ಪ ಮಾತ್ರ ರುಚಿಯೇ ಇಲ್ಲ ಅಂತ ಗೊಣಗ್ತಾ ತಿಂತಾರೆ.”