ಅತ್ತೆಯ ಬಾಯಲ್ಲಿ ಹರಕಲಗೂಡು

ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಲ್ಯಾಪ್‌ಟಾಪ್ ತೆರೆಯುವುದು ಈಗ ನನ್ನ ಅಭ್ಯಾಸ. ಒಂದು ಗುಂಡಿ ಒತ್ತಿದರೆ ಪರೀಕ್ಷೆ ತಾನಾಗಿ ಶುರುವಾಗುತ್ತದೆ. ಹಿಂದೆ ಹಿಡಿದಿಟ್ಟ ದನಿಗಳು ಒಂದೊಂದಾಗಿ ಊರ ಹೆಸರು ಹೇಳುತ್ತವೆ, ಸಾಫ್ಟ್‌ವೇರಿಗೆ ಅದು ಸರಿಯಾಗಿ ಕೇಳಿಸಿದರೆ ಪರದೆಯಲ್ಲಿ ಹಸಿರು ಗುರುತು ಬೀಳುತ್ತದೆ. ಹಾಲು ಉಕ್ಕುವುದರೊಳಗೆ ಎಲ್ಲ ಮುಗಿದಿರುತ್ತದೆ.

ಹಾಸನದಲ್ಲಿ ನಮ್ಮದು ಬ್ಯಾಟರಿ ಅಂಗಡಿಯ ಮೇಲಿನ ಚಿಕ್ಕ ಆಫೀಸು. ಫೋನಿಗೆ ಊರ ಹೆಸರು ಹೇಳಿದರೆ ಸಾಮಾನು ಸಾಗಿಸುವ ಟೆಂಪೋ ಮನೆ ಬಾಗಿಲಿಗೆ ಬರುವಂಥ ಏರ್ಪಾಡು ನಾವು ಮಾಡಿದ್ದು. ಟೈಪ್ ಮಾಡುವ ಗೋಜಿಲ್ಲ, ಬಾಯಿ ಇದ್ದರೆ ಸಾಕು. ಗಿರಾಕಿಗಳ ಕೈಗೆ ಹೋಗುವ ಮೊದಲು ಅದು ಸರಿಯಿದೆಯೇ ಎಂದು ನೋಡುವವಳು ನಾನು.

ಮೊದಲು ಇದೆಲ್ಲ ಕೈಯಲ್ಲೇ ನಡೆಯುತ್ತಿತ್ತು. ಗುರುವಾರ ಬಂತೆಂದರೆ ಡಬ್ಬಿಯಲ್ಲಿ ಚಿತ್ರಾನ್ನ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಒಂದು ವಾರ ಚನ್ನರಾಯಪಟ್ಟಣದ ಕಾಯಿ ಮಂಡಿ, ಹಿರೀಸಾವೆಯ ಹೋಟೆಲು. ಇನ್ನೊಂದು ವಾರ ಹೊಳೆನರಸೀಪುರ, ಅರಕಲಗೂಡು. ಸಿಕ್ಕವರ ಕೈಗೆ ಫೋನು ಕೊಟ್ಟು ಮಾತಾಡಿಸುವುದೇ ಕೆಲಸ. ಅರಕಲಗೂಡಿನಲ್ಲಿ ನನ್ನ ಸೋದರತ್ತೆ ಇದ್ದರು. ಮನೆ ತುಂಬ ಜನ, ಅವರೆಲ್ಲರಿಗಿಂತ ಜೋರು ಅತ್ತೆಯ ಬಾಯಿ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದರು.

"ನಿಮ್ಮ ಊರಿನ ಹೆಸರು ಹೇಳಿ" ಎನ್ನುತ್ತಿತ್ತು ಫೋನು.

"ಅರ್ಕಲ್ಗೂಡು ಕಣವ್ವ. ನಿಂದ್ಯಾವೂರು? ಸೀತ ಆಗದೆಯಾ, ಮೂಗಲ್ಲಿ ಮಾತಾಡ್ತೀಯಲ್ಲ?"

"ಅತ್ತೆ, ಅದು ಮಿಷನ್ನು."

"ಮಿಷನ್ನಾದ್ರೆ ಸೀತ ಆಗ್ಬಾರ್ದಾ?"

ಪಕ್ಕದ ಮನೆಯವರು ಇಣುಕಿದರೆ, "ಈಗ ಬರ್ಬ್ಯಾಡಿ, ಆಪೀಸ್ ಕೆಲ್ಸ ಮಾಡ್ತಾ ಇವ್ನಿ" ಎಂದು ಕಳಿಸಿಬಿಡುತ್ತಿದ್ದರು. ಅವರ ಆ ಸಲಿಗೆಯ ಮಾತಿನಿಂದಲೇ ನಮಗೆ ದೊಡ್ಡದೊಂದು ದೋಷ ಸಿಕ್ಕಿದ್ದು. ಟೆಂಪೋ ಎಲ್ಲಿಗೆ ಹೋಗಬೇಕು ಎಂದು ಫೋನು ಕೇಳಿದಾಗ ಅತ್ತೆ "ಒಳೇನರ್ಸೀಪುರ" ಎಂದರು. ಅದಕ್ಕೆ ತಿಳಿಯಲಿಲ್ಲ. "ಆಸ್ನ" ಎಂದರು. ಅದೂ ತಿಳಿಯಲಿಲ್ಲ. ನಾನು ಅಲ್ಲೇ ಕೂತು ಆಫೀಸಿಗೆ ಫೋನು ಮಾಡಿದೆ: "ಒಂದು ತಪ್ಪು ಸಿಕ್ತು ನೋಡಿ. ಊರ ಹೆಸರಲ್ಲಿ ಹ ಇಲ್ಲ." ನಮ್ಮ ಕೆಲಸದಲ್ಲಿ ತಪ್ಪು ಸಿಕ್ಕಿತೆಂದರೆ ಹಬ್ಬ. ನಗುನಗುತ್ತಲೇ ಹೇಳಿದ್ದೆ. ಅತ್ತೆ ಕಾಫಿ ಸೋಸುತ್ತಿದ್ದರು, ಕೇಳಿಸಿಕೊಂಡರು.

ಹ ಬಿಟ್ಟು ಹೇಳಿದರೂ ತಿಳಿಯುವಂತೆ ಆಫೀಸಿನವರು ತಿದ್ದಿದರು. ಆಮೇಲೆ ಆಫೀಸಿನ ಯಜಮಾನರು ಪರೀಕ್ಷೆಯನ್ನು ಯಂತ್ರಕ್ಕೆ ವಹಿಸುವ ಮಾತು ತೆಗೆದರು. "ಮೇಡಂ, ವಾರಕ್ಕೊಂದಿನ ಬಸ್ಸಲ್ಲೇ ಕಳದ್ರೆ ಎಂಗೆ? ದನಿ ಇಡ್ಕಂಡ್ ಬಂದ್ಬುಡಿ, ದಿನಾ ಅದೇ ಓಡ್ಲಿ." ನಾನು ಬೇಡವೆನ್ನಲಿಲ್ಲ. ಮಂಡಿನೋವು ಶುರುವಾಗಿತ್ತು. ಒಂದೇ ಮಾತನ್ನು ಜನರಿಂದ ಮತ್ತೆ ಮತ್ತೆ ಹೇಳಿಸಲು ಸಂಕೋಚವೂ ಆಗುತ್ತಿತ್ತು. ಲಾಭ ಸುಳ್ಳಾಗಲಿಲ್ಲ. ಒಮ್ಮೆ ಯಾರೋ ಎಲ್ಲೋ ಏನೋ ಬದಲಾಯಿಸಿ, ಮೊಸಳೆ ಎಂಬ ಊರೇ ಫೋನಿಗೆ ಕೇಳಿಸದ ಹಾಗಾಗಿತ್ತು. ಬೆಳಿಗ್ಗೆಯ ಪರೀಕ್ಷೆಯಲ್ಲೇ ಕೆಂಪು ಗುರುತು ಬಿತ್ತು, ಗಿರಾಕಿಗಳು ಏಳುವುದರೊಳಗೆ ಸರಿಮಾಡಿದೆವು. ಗುರುವಾರದ ಬಸ್ಸನ್ನು ನಂಬಿ ಕೂತಿದ್ದರೆ ಆ ಊರಿನವರು ವಾರವೆಲ್ಲ ಬೈಯುತ್ತಿದ್ದರು.

ದನಿ ಹಿಡಿದುಕೊಂಡ ದಿನ ಅತ್ತೆಗೆ ಹೇಳಿದೆ, "ಇನ್ನು ನಿಮಗೆ ಈ ತೊಂದರೆ ಇಲ್ಲ ಅತ್ತೆ."

"ಅಂಗಾರೆ ದನಿ ಸಾಕು, ನಾನ್ ಬ್ಯಾಡ ಅನ್ನು" ಎಂದು ನಕ್ಕರು. ನಾನೂ ನಕ್ಕೆ. ಗುರುವಾರಗಳು ಆಫೀಸಿನಲ್ಲೇ ಕಳೆಯತೊಡಗಿದವು.

ಈ ವರ್ಷ ಅತ್ತೆಯ ಮಗಳು ಹೊಳೆನರಸೀಪುರದಲ್ಲಿ ಮನೆ ಕಟ್ಟಿಸಿದಳು. ಅವಳಿಗೆ ತಮ್ಮ ಬೀರು ಕಳಿಸಬೇಕೆಂದು ಅತ್ತೆಗೆ ಆಸೆ. ಸಾಗಿಸಲು ಬೀಗರು ಬಂದಿದ್ದರು. "ನನ್ ಸೋದರ ಸೊಸೆ ಮಾಡಿರೋ ಪೋನು, ಈಗ ನೋಡಿ ಎಂಗ್ ಬತ್ತದೆ ಗಾಡಿ" ಎಂದು ಎಲ್ಲರ ಮುಂದೆ ಅತ್ತೆ ಫೋನು ಕೈಗೆತ್ತಿಕೊಂಡರು. ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ಹರಕಲಗೂಡು."

"ಕ್ಷಮಿಸಿ, ಇನ್ನೊಮ್ಮೆ ಹೇಳಿ."

"ಹರಕಲಗೂಡು!"

"ಕ್ಷಮಿಸಿ, ಇನ್ನೊಮ್ಮೆ ಹೇಳಿ."

ಹ ಇಲ್ಲ ಎಂದು ಕೇಳಿಸಿಕೊಂಡಿದ್ದ ಅತ್ತೆ, ಇರಬಾರದ ಕಡೆಯೂ ಹ ಸೇರಿಸಿ, ಒತ್ತಿ ಒತ್ತಿ ಹೇಳಿದ್ದಾರೆ. ಕೊನೆಗೆ ಬೀಗಿತಿ ಫೋನು ಇಸಿದುಕೊಂಡು "ಅರ್ಕಲ್ಗೂಡು" ಎಂದಿದ್ದಾರೆ. ಗಾಡಿ ಬುಕ್ ಆಗಿದೆ. "ಏನ್ ಬೀಗ್ರೇ, ನಿಮ್ಮೂರ್ ಎಸ್ರು ನಿಮ್ಗೇ ಯೋಳಕ್ ಬರಲ್ವಲ್ಲ!" ಎಂದು ನಡುಮನೆಯಲ್ಲಿ ಎಲ್ಲರೂ ನಕ್ಕರಂತೆ. ಅತ್ತೆಯ ಮಗಳು ಇದನ್ನು ತಮಾಷೆಯಾಗಿಯೇ ನನಗೆ ಹೇಳಿದಳು. ನನಗೆ ನಗು ಬರಲಿಲ್ಲ. ಅದೇ ದಿನ ಬೆಳಿಗ್ಗೆ ಪರದೆಯಲ್ಲಿ ಅತ್ತೆಯ ದನಿಯ ಮುಂದೆ ಹಸಿರು ಗುರುತು ನೋಡಿಯೇ ನಾನು ಕಾಫಿ ಕುಡಿದಿದ್ದೆ.

ಮರುದಿನವೇ ಅರಕಲಗೂಡಿಗೆ ಹೋದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ.

"ಅತ್ತೆ, ಅವತ್ತು ನಾನು ಹೇಳಿದ್ದು ಫೋನಿನ ತಪ್ಪು. ನಿಮ್ಮದಲ್ಲ."

"ಪೋನಿನ್ ತಪ್ಪು ಅಂತ ಎಲ್ ಅಂದೆ ಮಗ? ಹ ಇಲ್ಲ ಅಂದೆ. ಇಲ್ದೇ ಇದ್ದಿದ್ದು ನನ್ ಬಾಯಲ್ತಾನೆ?"

"ಮತ್ತೆ ಆಮೇಲೂ ನನ್ನೆದುರು ಫೋನಿಗೆ ಮೊದಲಿನ ಹಾಗೇ ಮಾತಾಡ್ತಿದ್ರಲ್ಲ."

"ನೀನ್ ಪಕ್ಕದಾಗಿದ್ರೆ ಅದು ನಿನ್ ತಾವ ಮಾತಾಡ್ದಂಗೆ. ಬೀಗ್ರ ಮುಂದೆ ಅಂಗಾಯ್ತದಾ? ಅಚ್ಚುಕಟ್ಟಾಗ್ ಯೋಳ್ಬೇಕು ಅಂದ್ಕಂಡೆ."

ಇಷ್ಟು ವರ್ಷ ಈ ಕೆಲಸ ಮಾಡಿ ನಾನು ತೂಗಿ ನೋಡಿದ್ದು ಸಮಯವನ್ನು, ಬಸ್ಸನ್ನು, ಮಂಡಿನೋವನ್ನು. ಯಂತ್ರ ನಾವು ಕೊಟ್ಟ ದನಿಯನ್ನಷ್ಟೇ ಪರೀಕ್ಷಿಸುತ್ತದೆ, ಆ ದನಿಯ ಮನುಷ್ಯರು ಆಮೇಲೆ ಏನಾದರೆಂದು ಅದಕ್ಕೆ ಗೊತ್ತಾಗದು. ಗುರುವಾರ ತಪ್ಪದೆ ಹೋಗುತ್ತಿದ್ದರೆ ನನಗೆ ಗೊತ್ತಾಗುತ್ತಿತ್ತೇ? ಖಂಡಿತ ಎನ್ನಲಾರೆ. ನನ್ನೆದುರು ಅವರು ಹಳೆಯ ಹಾಗೆಯೇ ಮಾತಾಡುತ್ತಿದ್ದರು. ಆದರೆ ಕಾಫಿಯ ಹೊತ್ತಿಗಾದರೂ ಆ "ಹ"ದ ಮಾತು ಒಮ್ಮೆ ಬರುತ್ತಿತ್ತೇನೋ.

ಹ ಸೇರಿಸಿ ಹೇಳಿದರೂ ಫೋನಿಗೆ ತಿಳಿಯುವಂತೆ ಮಾಡುವ ತಿದ್ದುಪಡಿ ಸಣ್ಣದೇ ಆಗಿತ್ತು. ಅದನ್ನು ಪರೀಕ್ಷೆಗೆ ಸೇರಿಸಲು "ಹರಕಲಗೂಡು" ಎನ್ನುವ ದನಿಯೊಂದು ಬೇಕಿತ್ತು. ಫೋನು ಮುಂದೆ ಹಿಡಿದು, "ಒಂದೇ ಒಂದು ಸಲ ಅತ್ತೆ" ಎಂದೆ.

ಅವರು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಬ್ಯಾಡ ಮಗ, ನನ್ ಬಾಯಿ ಸರಿ ಇಲ್ಲ. ನೀನೇ ಯೋಳ್ಕೊ." ಆಮೇಲೆ ಅವರೆಕಾಯಿಯ ಬೆಲೆ, ಮಗಳ ಹೊಸ ಮನೆಯ ಸಂಪು, ಎಲ್ಲ ಮಾತಾಡಿದರು. ಫೋನಿನ ಕಡೆ ತಿರುಗಲಿಲ್ಲ.

ಕೊನೆಗೆ ಮನೆಗೆ ಬಂದು ನಾನೇ ಅತ್ತೆಯ ಹಾಗೆ ಗಂಟಲು ಸರಿಮಾಡಿಕೊಂಡು ಹೇಳಿ ಹಿಡಿದಿಟ್ಟೆ. ಈಗ ದಿನಾ ಬೆಳಿಗ್ಗೆ ಪರೀಕ್ಷೆಯ ಸದ್ದು ಜೋರಾಗಿಟ್ಟು ಕೇಳುತ್ತೇನೆ. ಮೊದಲು ಅತ್ತೆಯ ಹಳೆಯ ದನಿ, "ಅರ್ಕಲ್ಗೂಡು ಕಣವ್ವ." ಅದರ ಹಿಂದೆಯೇ ನನ್ನದು, "ಹರಕಲಗೂಡು." ಎರಡಕ್ಕೂ ಹಸಿರು ಗುರುತು ಬೀಳುತ್ತದೆ. ನಾನು ಹೋಗಿ ಹಾಲು ಇಳಿಸುತ್ತೇನೆ.