ಸಿಕ್ಸರಿನ ವೀಸಾ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ಡಿಗ್ರಿಯಿಂದಲೇ ದುಬೈಯ ನೈಫ್ ಪೇಟೆಯ ಒಂದು ಸಗಟು ಅಂಗಡಿಯ ಆಫೀಸಿನಲ್ಲಿ ಕುರ್ಚಿ ಸಿಕ್ಕಿತು. ನಮ್ಮ ಕ್ರಿಕೆಟ್ ತಂಡದ ಕ್ಯಾಪ್ಟನಿಗೆ ಅದೇ ಅಂಗಡಿಯ ಗೋಡೌನಿನಲ್ಲಿ ಕೆಲಸ ಸಿಕ್ಕಿದ್ದು ಸಿಕ್ಸರಿನಿಂದ.

ಇಲ್ಲಿ ಅದೊಂದು ಪದ್ಧತಿ. ಊರಿನ ಟೆನಿಸ್ ಬಾಲ್ ಪಂದ್ಯಗಳಲ್ಲಿ ಭರ್ಜರಿಯಾಗಿ ಹೊಡೆಯುವವರನ್ನು ನಮ್ಮ ಕರಾವಳಿಯ ಕೆಲವು ಧಣಿಗಳು ವೀಸಾ ಕೊಟ್ಟು ಕರೆಸುತ್ತಾರೆ. ವಾರವಿಡೀ ಪೆಟ್ಟಿಗೆ ಹೊರಬೇಕು, ಭಾನುವಾರ ಧಣಿಯ ತಂಡಕ್ಕೆ ಆಡಬೇಕು. ಕ್ಯಾಪ್ಟನ್ ಹೊಡೆದ ಚೆಂಡು ಕಾರಿನ ಮೇಲೆ ಬಿದ್ದರೆ ನಮ್ಮ ಅಂಗಡಿಯ ಧಣಿ ಕುಣಿಯುತ್ತಿದ್ದರು, ಕಾರು ಅವರದ್ದೇ ಆಗಿದ್ದರೂ. ನಮಗೆ ಮಾತ್ರ ಕ್ಯಾಪ್ಟನರ ಹೊಡೆತಕ್ಕಿಂತ ನಾಯಕತ್ವ ದೊಡ್ಡದು. ಕ್ಯಾಚ್ ಬಿಟ್ಟವನಿಗೆ ಬೈಯುತ್ತಿರಲಿಲ್ಲ. ಮುಂದಿನ ಓವರಿನಲ್ಲೂ ಅವನನ್ನು ಅಲ್ಲೇ ನಿಲ್ಲಿಸುತ್ತಿದ್ದರು.

ಕಳೆದ ವರ್ಷ ಅವರ ಬಲಭುಜ ಹೋಯಿತು. ವೀಸಾ ಮುಗಿದು ನವೀಕರಿಸಬೇಕಾದ ಸಮಯವೂ ಅದೇ. “ಫೈನಲ್‌ನಲ್ಲಿ ಹೊಡೀಲಿ, ಮತ್ತೆ ನೋಡುವ” ಎಂದರು ಧಣಿ.

ಫೈನಲ್‌ನ ಕೊನೆಯ ಓವರಿನಲ್ಲಿ ನಾನು ಒಂದು ತುದಿಯಲ್ಲಿದ್ದೆ. ಎದುರಿನವನು ಔಟಾದ. ಮುಂದಿನ ಸರದಿ ಕ್ಯಾಪ್ಟನದ್ದು. ಬೌಂಡರಿ ಗೆರೆಯವರೆಗೆ ಬಂದು ಬ್ಯಾಟ್ ಎತ್ತಿ ನೋಡಿದರು. ಕೈ ಭುಜಕ್ಕಿಂತ ಮೇಲೆ ಏಳಲಿಲ್ಲ. ವಿಸಿಟ್ ವೀಸಾದಲ್ಲಿ ಹೊಸದಾಗಿ ಬಂದಿದ್ದ ಆಟಗಾರನ ಕೈಗೆ ಬ್ಯಾಟ್ ಕೊಟ್ಟರು.

ನಾನು ಓಡಿಹೋದೆ. “ಅಣ್ಣ, ನೀವೇ ಬನ್ನಿ. ಧಣಿ ನೋಡ್ತಾ ಇದ್ದಾರೆ.”

“ನೋಡ್ಲಿ ಮಾರಾಯ. ನಾವು ಸೋಲ್ಲಿಕ್ಕೆ ಬಂದದ್ದಾ? ಹೋಗು ಡಿಗ್ರಿ, ಓಡ್ಲಿಕ್ಕೆ ರೆಡಿಯಾಗು.”

ಓಡುವ ಅಗತ್ಯವೇ ಬೀಳಲಿಲ್ಲ. ಹೊಸಬ ಎರಡು ಸಿಕ್ಸರ್ ಎತ್ತಿದ, ಗೆದ್ದೆವು. ಧಣಿ ಅವನನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಂಡರು.

ಸೋಮವಾರ ನನ್ನನ್ನು ಕರೆದರು. “ಕ್ಯಾಪ್ಟನ ವೀಸಾ ಕ್ಯಾನ್ಸಲ್ ಮಾಡು. ಹೊಸಬನಿಗೆ ಹಾಕು.”

“ಧಣೀ, ಅವನನ್ನು ಕಳಿಸಿದ್ದು ಕ್ಯಾಪ್ಟನೇ. ಅದರಿಂದಲೇ ಅಲ್ವಾ ಗೆದ್ದದ್ದು?”

“ಬುದ್ಧಿಗೆ ಯಾರಾದ್ರೂ ವೀಸಾ ಕೊಡ್ತಾರಾ? ನಾನು ಕೊಟ್ಟದ್ದು ಕೈಗೆ. ಖಲಾಸ್.”

ಓದಿದವನೆಂಬ ಧೈರ್ಯದಲ್ಲಿ ಇನ್ನೆರಡು ಮಾತು ಆಡಿದೆ. ಅವರು ಆಗಲೇ ಫೋನ್ ಎತ್ತಿಕೊಂಡಿದ್ದರು.

ಕ್ಯಾಪ್ಟನ್ ಸಹಿ ಹಾಕಲು ಬಂದಾಗ ಕಾಗದವನ್ನು ಓದಲೇ ಇಲ್ಲ. “ಟಿಕೆಟ್ ಯಾವಾಗ?”

“ಗುರುವಾರ.”

“ಭಾನುವಾರ ಕಳೆದು ಹಾಕ್ಲಿಕ್ಕೆ ಆಗ್ತದಾ? ಮ್ಯಾಚ್ ಉಂಟಲ್ಲ.”

ಆಡುವುದಕ್ಕಲ್ಲ, ಹುಡುಗರನ್ನು ಫೀಲ್ಡಿಂಗಿಗೆ ನಿಲ್ಲಿಸುವುದಕ್ಕೆ ಎಂದು ಗೊತ್ತಿತ್ತು. ಆಗುವುದಿಲ್ಲ ಎಂದೆ.